ಬಿಸಿ ಪೆಂಡಿ

ಅಕ್ಕಾ,

ಇಲ್ಲಿ ಒಣಹುಲ್ಲಿಗೆ ಬಣವೆ ಇಲ್ಲ. ಯಂತ್ರವೇ ಅದನ್ನು ಟ್ರಂಕಿನಂಥ ಚೌಕ ಪೆಂಡಿಗಳಾಗಿ ಬಿಗಿದು ಹೊಲದಲ್ಲಿ ಉದುರಿಸಿ ಹೋಗುತ್ತದೆ. ನಾವು ಟ್ರೇಲರಿಗೆ ಹೇರಿ ತಂದು ಕೊಟ್ಟಿಗೆಯಲ್ಲಿ ಇಟ್ಟಿಗೆ ಗೋಡೆಯ ಹಾಗೆ ಜೋಡಿಸುತ್ತೇವೆ. ಬಾಗಿಲಲ್ಲಿ ನಿಂತ ಯಜಮಾನಮ್ಮ ಪ್ರತಿ ಪೆಂಡಿಯೊಳಗೂ ಕೈ ತೂರಿಸಿ ನೋಡುತ್ತಾರೆ. ಹಸಿ ಉಳಿದ ಹುಲ್ಲು ಒಳಗೊಳಗೇ ಕಾದು ಕೊಟ್ಟಿಗೆಯನ್ನೇ ಸುಟ್ಟುಬಿಡುತ್ತದಂತೆ. ಇವತ್ತು ನಾನು ಹೊತ್ತು ತಂದದ್ದನ್ನು ಮುಟ್ಟಿ, "ಇದು ಬಿಸಿ ಇದೆ, ಹೊರಗೇ ಇರ್ಲಿ" ಅಂದರು. ಆಮೇಲೆ ನನ್ನ ಮುಖ ನೋಡಿ ಹಣೆ ಮುಟ್ಟಿದರು. "ನೀನೂ ಹೊರಗೇ ಕೂತ್ಕೋ."

ಜ್ವರ ಮುಚ್ಚಿಟ್ಟು ಹಲ್ಲು ಕಚ್ಚಿಕೊಂಡು ದುಡಿಯುತ್ತಿದ್ದವನು ಸಿಕ್ಕಿಬಿದ್ದೆ. ಮಾತ್ರೆ ನುಂಗಿ, ಅದೇ ಪೆಂಡಿಯ ಪಕ್ಕ ಕೂತು ಬರೆಯುತ್ತಿದ್ದೇನೆ. ಅಮ್ಮನಿಗೆ ಓದಿ ಹೇಳುವಾಗ ಪೆಂಡಿಯ ಬಿಸಿಯಷ್ಟೇ ಹೇಳು, ನನ್ನದು ಬೇಡ.

ನಿನ್ನ ತಮ್ಮ