ಕತ್ತಿ ಅವನಿಗೆ, ಒರೆ ನನಗೆ

ಮಾರ್ಚ್ 3, ಸೋಮವಾರ

ಬೆಳಗ್ಗೆಯಿಂದ ಮೂವರು ಆಫೀಸಿಗೆ ಬಂದರು, ಬಂದೂಕಿನ ತುದಿಗೆ ಸಿಕ್ಕಿಸುವ ಹಳೇ ಬಯೋನೆಟ್ ಹಿಡಿದು, ಬೆಲೆ ಕಟ್ಟಿಸಲಿಕ್ಕೆ. ಮೂವರದ್ದೂ ಅದೇ ರಾಗ. "ಮೇಡಂ, ಇದು ರಕ್ತದ ಕಲೆ." ತುಕ್ಕು, ಮಹರಾಯ. ತುಕ್ಕು! ಅಷ್ಟು ವರ್ಷ ಅಟ್ಟದ ಮೇಲೆ ಬಿದ್ದ ಕಬ್ಬಿಣಕ್ಕೆ ಇನ್ನೇನು ಬರುತ್ತದೆ? ಬಯೋನೆಟ್ಟಿನ ಅಲಗಿನುದ್ದಕ್ಕೂ ಒಂದು ತೋಡು ಇರುತ್ತದಲ್ಲ, ಅದು ರಕ್ತ ಹರಿದುಹೋಗಲಿಕ್ಕೆ ಎಂದು ಊರಿಗೆಲ್ಲ ಯಾರೋ ಪಾಠ ಮಾಡಿದ್ದಾರೆ. ಅದು ತೂಕ ಇಳಿಸಲಿಕ್ಕೆ, ಅಷ್ಟೇ. ಹಾಗಂದರೆ ಮುಖ ಸಪ್ಪೆ. ಅಜ್ಜ ಯಾರನ್ನಾದರೂ ಇರಿದಿರಲೇಬೇಕು ಇವರಿಗೆ.

ಮೂರನೆಯವನು ಉಪ್ಪುಕಾಗದ ಹಾಕಿ ತಿಕ್ಕಿ, ಹೊಸ ಚಮಚದ ಹಾಗೆ ಹೊಳೆಯಿಸಿ ತಂದಿದ್ದ. "ಕ್ಲೀನ್ ಮಾಡ್ಕೊಂಡೇ ಬಂದಿದೀನಿ ಮೇಡಂ. ರೇಟ್ ಜಾಸ್ತಿ ಆಗುತ್ತಲ್ವಾ?" ಕಾರ್ಖಾನೆಯ ಮುದ್ರೆ, ತಪಾಸಣೆ ಮಾಡಿದವನ ಗುರುತು, ಇಸವಿ — ಎಲ್ಲ ಹೋಗಿದೆ. ಇನ್ನು ಅದು ಯಾವ ದೇಶದ್ದು, ಯಾವ ಬಂದೂಕಿನದ್ದು ಎಂದು ಯಾವ ದೇವರು ಹೇಳಬೇಕು? "ಇನ್ಮೇಲೆ ಇದರಲ್ಲಿ ಬದನೆಕಾಯಿ ಹೆಚ್ಚಿ" ಅಂದುಬಿಟ್ಟೆ. ಮ್ಯಾನೇಜರ್ ಒಳಗೆ ಕರೆದರು. ಹರಾಜು ಕಂಪನಿ ನಡೆಯುವುದೇ ಗಿರಾಕಿಗಳಿಂದ, ಸ್ವಲ್ಪ ನಯವಾಗಿ ಮಾತಾಡಿ ಎಂದರು. ನಯ ಮಾಡಲು ಹೋಗಿಯೇ ಅಲ್ಲವೇ ಅವನು ಅದನ್ನು ಹಾಳುಮಾಡಿದ್ದು?

ಮನೆಗೆ ಬಂದು ಗೋಡೆಯ ಮೇಲಿನ ಒರೆಗಳ ಧೂಳು ಒರೆಸಿದೆ. ಹನ್ನೆರಡು ಒರೆ. ಒಂದರಲ್ಲೂ ಕತ್ತಿಯಿಲ್ಲ.

ಮಾರ್ಚ್ 5, ಬುಧವಾರ

ಅಪ್ಪ ಹೋಗಿ ಇವತ್ತಿಗೆ ಎರಡು ವರ್ಷ. ಅಮ್ಮ ಫೋನ್ ಮಾಡಿದ್ದಳು, ಅಣ್ಣನ ಮನೆಯಿಂದ.

"ಇನ್ನೂ ಆ ಚರ್ಮದ ಚೀಲಗಳನ್ನ ನೇತುಹಾಕ್ಕೊಂಡಿದೀಯಾ?"

"ಚೀಲ ಅಲ್ಲಮ್ಮ. ಒರೆ."

"ಏನೋ ಒಂದು. ಹುಳ ಬೀಳುತ್ತೆ ಅವಕ್ಕೆ."

ಇವಳೇ ಪಾಲು ಮಾಡಿದ್ದು. ಅಪ್ಪ ಗಡಿಯಾರ ರಿಪೇರಿ ಮಾಡಿ ಬದುಕಿದವರು. ಉಳಿದ ಜೀವವನ್ನೆಲ್ಲ ಬಯೋನೆಟ್ಟಿಗೆ ಸುರಿದರು. ಅವರ ಪಕ್ಕ ಕೂತು ಮಸೂರ ಹಿಡಿದವಳು ನಾನು. ಎಣ್ಣೆ ಹಚ್ಚಿದವಳು ನಾನು. ಅಣ್ಣ ಆ ಕೋಣೆಗೆ ಬರುತ್ತಿದ್ದದ್ದು ಬೈಕಿನ ಕೀ ಹುಡುಕಲಿಕ್ಕೆ. ಅಪ್ಪ ಹೋದಮೇಲೆ ಅಮ್ಮ ಎಲ್ಲವನ್ನೂ ಮಂಚದ ಮೇಲೆ ಹರಡಿಸಿ, ಒಂದೊಂದಾಗಿ ಕತ್ತಿ ಹಿರಿದು ಒಂದು ಕಡೆ, ಒರೆ ಇನ್ನೊಂದು ಕಡೆ ಇಟ್ಟಳು. "ಹರಿತವಾದದ್ದು ಹೆಣ್ಣುಮಕ್ಕಳ ಮನೇಲಿ ಬೇಡ. ಕತ್ತಿ ಅವನಿಗೆ, ಒರೆ ನಿಂಗೆ. ಇಬ್ಬರಿಗೂ ಸಮ." ಅಣ್ಣ ತಲೆಯಾಡಿಸಿದ. ಸೋದರಮಾವ "ನ್ಯಾಯ ಅಂದ್ರೆ ಇದು" ಅಂದ.

ಜೋಡಿ ಚಪ್ಪಲಿಯನ್ನು ಎಡದ್ದು ನಿನಗೆ, ಬಲದ್ದು ನಿನಗೆ ಎಂದು ಹಂಚಿದ ಹಾಗೆ! ಆವತ್ತು ನಾನು ಬಾಯಿ ಬಿಡಲಿಲ್ಲ. ಬಾಯಿ ಬಿಟ್ಟಿದ್ದರೆ ಆ ಮಂಚ ಉಳಿಯುತ್ತಿರಲಿಲ್ಲ.

ಮಾರ್ಚ್ 11, ಮಂಗಳವಾರ

ಅಕ್ಷರ ನೆಟ್ಟಗಿಲ್ಲ. ಇರಲಿ, ಯಾರು ಓದಬೇಕು.

ಹಲ್ಲುಕಡ್ಡಿ ಬಂದಿದ್ದ. ಹಳೇ ಸಾಮಾನಿನ ದಲ್ಲಾಳಿ, ಬಾಯಲ್ಲಿ ಯಾವಾಗಲೂ ಒಂದು ಕಡ್ಡಿ. ಬಟ್ಟೆ ಬಿಚ್ಚಿದ. ಒಂದು ಬಯೋನೆಟ್, ಒರೆ ಸಮೇತ. "ಹಳೇ ಮನೆತನದ್ದು ಮೇಡಂ. ನಂಬರ್ ಮ್ಯಾಚಿಂಗು. ಕ್ಯಾಟಲಾಗ್‌ನ ಮೊದಲ ಪುಟಕ್ಕೆ ಹಾಕಿ."

ಮ್ಯಾಚಿಂಗು ಅಂದರೆ ಹೀಗೆ: ಹಿಡಿಯ ಕೆಳಗಿನ ಅಡ್ಡಪಟ್ಟಿಯ ಮೇಲೆ ಒಂದು ನಂಬರ್, ಒರೆಯ ಬಾಯಿಯ ಮೇಲೆ ಒಂದು ನಂಬರ್. ಎರಡೂ ಒಂದೇ ಆಗಿದ್ದರೆ ಎರಡೂ ಒಬ್ಬನೇ ಸಿಪಾಯಿಯ ಸೊಂಟದಲ್ಲಿ ಇದ್ದವು. ಯುದ್ಧ ಮುಗಿದು, ಗುಜರಿಗೆ ಬಿದ್ದು, ನಾಲ್ಕು ದಿಕ್ಕಿಗೆ ಚೆದುರಿದ ಮೇಲೂ ಜೋಡಿಯಾಗಿ ಉಳಿಯುವುದು ಅಪರೂಪ. ಬೆಲೆ ಇರುವುದೇ ಅದಕ್ಕೆ.

ಅಪ್ಪ ಹೇಳಿಕೊಟ್ಟ ಹಾಗೆ ಮೊದಲು ಒರೆಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಗಲಗಲ. ಒಳಗಿನ ಪಟ್ಟಿ ಅಲಗನ್ನು ಹಿಡಿದೇ ಇಲ್ಲ. ಬೇರೆಯವರ ಅಂಗಿ ಹಾಕಿಕೊಂಡ ಹಾಗೆ. ಆಮೇಲೆ ಕತ್ತಿ ಹಿರಿದೆ. ಹಿಡಿ ನೋಡಿದೆ.

ಹಿಡಿಯಲ್ಲಿ ಎರಡು ತಿರುಪು. ಕೆಳಗಿನದು ಅಮ್ಮನ ಹೊಲಿಗೆ ಯಂತ್ರದ್ದು.

ಅದನ್ನು ಹಾಕುವಾಗ ಟಾರ್ಚ್ ಹಿಡಿದವಳು ನಾನು. ತಿರುಪು ಕದ್ದದ್ದಕ್ಕೆ ಅಮ್ಮ ವಾರವಿಡೀ ಅಪ್ಪನನ್ನು ಬೈದಿದ್ದಳು. ಅಪ್ಪನ ಕತ್ತಿ. ಅಪ್ಪ ಎಲ್ಲಕ್ಕಿಂತ ಜೋಪಾನ ಮಾಡಿದ ಕತ್ತಿ. ಅದರ ನಂಬರ್ ನನಗೆ ನಿದ್ದೆಯಲ್ಲೂ ಗೊತ್ತು — ನಾಲ್ಕು, ಏಳು, ಒಂದು, ಎಂಟು. ಅಡ್ಡಪಟ್ಟಿ ತಿರುಗಿಸಿದೆ. ಅಲ್ಲಿ ಬೇರೆ ಯಾವುದೋ ನಂಬರ್.

ದೀಪವನ್ನು ಓರೆಯಾಗಿ ಹಿಡಿದೆ. ನಂಬರ್ ಇರುವ ಜಾಗ ಮಾತ್ರ ತಗ್ಗು. ತೇದಿದ್ದಾರೆ. ತೇದು, ಹೊಸ ಅಂಕಿ ಗುದ್ದಿ, ಬೆಳ್ಳಗಾದ ಕಡೆ ಏನೋ ಮಸಿ ಬಳಿದಿದ್ದಾರೆ. ಉಗುರಲ್ಲಿ ಕೆರೆದರೆ ಏಳುತ್ತದೆ.

"ಯಾರು ಕೊಟ್ಟಿದ್ದು ಇದನ್ನ?" ಅಂದೆ.

"ಹೆಸರು ಹೇಳಬಾರದು ಅಂದಿದಾರೆ."

ಹೇಳುವುದು ಬೇಡ. ಆ ಮನೆತನದ ಹಾಲು ನಾನೂ ಕುಡಿದಿದ್ದೇನೆ.

ಮಾರ್ಚ್ 12, ಬುಧವಾರ. ಮಧ್ಯಾಹ್ನ

ರಿಪೋರ್ಟ್ ಬರೆದುಕೊಟ್ಟೆ. ಕತ್ತಿ ಅಸಲಿ. ಒರೆ ಅಸಲಿ, ಆದರೆ ಇದರದ್ದಲ್ಲ. ಕತ್ತಿಯ ನಂಬರ್ ಇತ್ತೀಚೆಗೆ ತೇಯಲಾಗಿದೆ, ಒರೆಗೆ ಹೊಂದುವಂತೆ ಹೊಸದು ಹೊಡೆಯಲಾಗಿದೆ. ಹರಾಜಿಗೆ ಯೋಗ್ಯವಲ್ಲ. ಕತ್ತಿ ನಮ್ಮ ಮನೆಯದು ಎನ್ನುವುದನ್ನೂ ಬರೆದೆ. ಮ್ಯಾನೇಜರ್ ಕನ್ನಡಕ ತೆಗೆದು ನನ್ನ ಮುಖ ನೋಡಿದರು. "ಸ್ವಲ್ಪ ಅನುಮಾನ ಇದೆ ಅಂತಷ್ಟೇ ಬರೆದರೆ ಸಾಲದಾ?" ಅನುಮಾನವಿಲ್ಲ ಸಾರ್, ನನಗೆ ಏನೂ ಅನುಮಾನವಿಲ್ಲ.

ಹಲ್ಲುಕಡ್ಡಿ ಕೂಗಾಡಿ ಹೋದ. ಕೊಟ್ಟವರೇ ಬಂದು ಸಹಿ ಹಾಕಿ ತೆಗೆದುಕೊಂಡು ಹೋಗಲಿ ಎಂದು ಹೇಳಿಕಳಿಸಿದೆ. ಅಲ್ಲಿಯವರೆಗೆ ಕತ್ತಿ ಆಫೀಸಿನ ನನ್ನ ಬೀರುವಿನಲ್ಲಿ.

ಅಪ್ಪನಿಗೆ ಆ ಕತ್ತಿ ಮೊದಲು ಸಿಕ್ಕಿದ್ದು ಗುಜರಿ ಅಂಗಡಿಯಲ್ಲಿ. ಅಂಗಡಿಯವನು ಅದರಲ್ಲಿ ಪೆಟ್ಟಿಗೆಯ ಮೊಳೆ ಕೀಳುತ್ತಿದ್ದ. ಒರೆ ಸಿಕ್ಕಿದ್ದು ಎಷ್ಟೋ ವರ್ಷದ ಮೇಲೆ, ಇನ್ನೊಂದು ಊರಿನಲ್ಲಿ, ಒಬ್ಬ ಬ್ಯಾಂಡ್ ಮಾಸ್ತರರ ಮನೆಯಲ್ಲಿ. ಅವರ ಹೆಂಡತಿ ಅದರಲ್ಲಿ ಹೆಣಿಗೆ ಕಡ್ಡಿ ಇಡುತ್ತಿದ್ದರಂತೆ. ಅಪ್ಪ ಮನೆಗೆ ಬಂದವರು ಶೂ ಕೂಡ ಬಿಚ್ಚಲಿಲ್ಲ. "ಓದು" ಅಂದರು. ಓದಿದೆ. ನಾಲ್ಕು, ಏಳು, ಒಂದು, ಎಂಟು. ಕತ್ತಿಯನ್ನು ಒರೆಗೆ ಇಳಿಸಿದರು. ಟಕ್ ಎಂದು ಕೂತಿತು. "ಜೋಡಿ" ಅಂದರು. ಅಷ್ಟು ಹೊತ್ತಿಗೆ ಅಳುತ್ತಿದ್ದರು, ಮನುಷ್ಯ.

ಅದನ್ನು ತೇದುಬಿಟ್ಟ. ಪಾಪಿ.

ಮಾರ್ಚ್ 13, ಗುರುವಾರ

ಅಣ್ಣನೇ ಫೋನ್ ಮಾಡಿದ. "ಪುಟ್ಟಿ" ಅಂದ. ಕೆಲಸ ಇದ್ದಾಗ ಮಾತ್ರ ನಾನು ಪುಟ್ಟಿ.

"ಪುಟ್ಟಿ, ಮನೆ ಮಾನ ಹೊರಗೆ ಹಾಕ್ತಿದೀಯಲ್ಲೇ. ಒಂದು ಸಹಿ ಹಾಕಿದ್ರೆ ನಿಂಗೇನ್ ಹೋಗ್ತಿತ್ತು?"

"ನಂಬರ್ ಯಾಕೆ ತೇಯಿಸ್ದೆ?"

"ಒರೆ ಇಲ್ದಿದ್ರೆ ಯಾರೂ ಮುಟ್ಟಲ್ಲ ಅಂದ್ರು ದಲ್ಲಾಳಿ. ಅವರ ಹತ್ರ ಒಂದು ಒರೆ ಇತ್ತು. ಅದಕ್ಕೆ ಹೊಂದಿಸ್ಕೊಂಡೆ. ಲೇತ್‌ನವನು ಅರ್ಧ ಗಂಟೇಲಿ ಮಾಡ್ಕೊಟ್ಟ."

"ಅದರ ಒರೆ ನನ್ನ ಗೋಡೆ ಮೇಲೆ ಇದೆ ಕಣೋ! ಅದರದ್ದೇ! ಅಪ್ಪ ಹುಡುಕಿ ತಂದಿದ್ದು!"

"ಕೇಳಿದ್ರೆ ಕೊಡ್ತಿದ್ಯಾ?"

ಫೋನ್ ಇಟ್ಟುಬಿಟ್ಟೆ.

ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆಯುವುದು ಎಂದರೆ ಇದೇ. ದಲ್ಲಾಳಿ ಹತ್ತಿರ ಹೋದ, ಲೇತ್ ಅಂಗಡಿಗೆ ಹೋದ, ಸುಳ್ಳು ನಂಬರ್ ಹೊಡೆಸಿದ. ಅದೇ ರಸ್ತೆಯಲ್ಲಿ ತಂಗಿ ಮನೆ. ಬಾಗಿಲು ತಟ್ಟಲಿಲ್ಲ.

ಕೊಡುತ್ತಿದ್ದೆನೋ ಇಲ್ಲವೋ ನನಗೆ ಗೊತ್ತಿಲ್ಲ. ಬೈಯುತ್ತಿದ್ದೆ, ಅದಂತೂ ಖಂಡಿತ. ಬೈಸಿಕೊಂಡಾದರೂ ಕೇಳಬೇಕಿತ್ತು.

ಮಾರ್ಚ್ 20, ಗುರುವಾರ

ಒಂದು ವಾರ ಏನೂ ಬರೆಯಲಿಲ್ಲ. ಬರೆದಿದ್ದರೆ ಬರೀ ಬೈಗುಳ. ಆಫೀಸಿನಲ್ಲಿ ಎಲ್ಲರ ಮೇಲೂ ಹಾರಿಬಿದ್ದೆ. ಮನೆಯಲ್ಲಿ ಇವರ ಮೇಲೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಇವರು ಎರಡು ದಿನ ಸಹಿಸಿ, ಮೂರನೇ ದಿನ "ನಾನೇನು ಲೇತ್ ಇಟ್ಟಿದೀನಾ?" ಅಂದರು. ನಗು ಬಂತು. ನಗಲಿಲ್ಲ.

ಈಗ ಅಣ್ಣನ ಮೆಸೇಜು: "ಉಳಿದಿದ್ದನ್ನೆಲ್ಲ ಸೋಮವಾರ ಲೇತ್‌ಗೆ ಕೊಡ್ತಿದೀನಿ. ಬೇರೆ ಊರಲ್ಲಿ ಮಾರ್ತೀನಿ. ಈ ಸಲದವನು ಒಳ್ಳೆ ಕೆಲಸಗಾರ. ನಿಂಗೂ ಗೊತ್ತಾಗಲ್ಲ."

ನನಗೂ ಗೊತ್ತಾಗುವುದಿಲ್ಲವಂತೆ! ಅದು ಅವನಿಗೆ ಹೆಮ್ಮೆ!

ಹನ್ನೊಂದು ಕತ್ತಿ. ಹನ್ನೊಂದಕ್ಕೂ ಇನ್ನೂ ನಂಬರ್ ಇದೆ.

ಮಾರ್ಚ್ 22, ಶನಿವಾರ

ಪೊಲೀಸಿಗೆ ಹೇಳಲೇ? ಅವನ ಪಾಲು, ಅವನ ಕತ್ತಿ, ಅವನು ಏನಾದರೂ ಮಾಡಿಕೊಳ್ಳಬಹುದು. ಅಮ್ಮನಿಗೆ ಹೇಳಲೇ? ಅವನು ಮಾರುತ್ತಿರುವುದೇ ಅವಳಿಗೆ ಗೊತ್ತಿಲ್ಲ. ಎಲ್ಲವೂ ತನ್ನ ಮಗನ ಕಪಾಟಿನಲ್ಲಿ ಭದ್ರವಾಗಿವೆ ಎಂದುಕೊಂಡಿದ್ದಾಳೆ. ಹೇಳಿದರೂ ನಂಬುವುದಿಲ್ಲ. ನಂಬಿದರೆ ಹಾಸಿಗೆ ಹಿಡಿಯುತ್ತಾಳೆ, ಅದೂ ನನ್ನ ತಲೆಗೇ.

ಉಳಿದದ್ದು ಒಂದೇ ದಾರಿ. ಬೆಳಗ್ಗೆಯಿಂದ ಬೇಡ ಬೇಡ ಎಂದು ಆ ದಾರಿಯನ್ನು ಸುತ್ತಿ ಸುತ್ತಿ ಅಲ್ಲಿಗೇ ಬಂದು ನಿಂತಿದ್ದೇನೆ. ಒರೆಗಳನ್ನು ಅವನಿಗೆ ಕೊಟ್ಟುಬಿಡುವುದು. ಒರೆ ಇದ್ದರೆ ತೇಯುವ ಅಗತ್ಯವಿಲ್ಲ. ಮಾರಿಕೊಳ್ಳಲಿ. ಯಾರ ಮನೆಯಲ್ಲಾದರೂ ಇರಲಿ, ಜೋಡಿಯಾಗಿ ಇರಲಿ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ. ತೇದ ನಂಬರ್ ಕೂಡ ಅಷ್ಟೇ.

ಅಪ್ಪನದು ಎಂದು ನನ್ನ ಹತ್ತಿರ ಇರುವುದು ಇವಿಷ್ಟೇ. ಅದನ್ನೂ ನಾನೇ ಹೊತ್ತುಕೊಂಡು ಹೋಗಿ ಕೊಡಬೇಕು. ತಪ್ಪು ಮಾಡಿದವನ ಮನೆಗೆ, ಅವನು ಕೇಳದೆ! ಎಷ್ಟು ಉರಿಯುತ್ತದೆ ಎಂದರೆ ಎರಡು ಒರೆ ಇಳಿಸಿ, ಮತ್ತೆ ಮೊಳೆಗೆ ಸಿಕ್ಕಿಸಿ, ಮತ್ತೆ ಇಳಿಸಿದೆ.

ಗೋಡೆಯಲ್ಲಿ ಈಗ ಬರೀ ಮೊಳೆಗಳು. ಬಣ್ಣ ಮಾಸದೆ ಉಳಿದ ಉದ್ದುದ್ದ ಗುರುತುಗಳು.

ಮಾರ್ಚ್ 23, ಭಾನುವಾರ. ಸಂಜೆ

ಹೋಗಿ ಬಂದೆ.

ಬಾಗಿಲು ತೆರೆದವನು ಅಣ್ಣ. ಚೀಲ ನೋಡಿದ, ನನ್ನನ್ನು ನೋಡಿದ. "ಒಳಗೆ ಬಾ" ಅಂದ, ಮೆಲ್ಲಗೆ. ಅಮ್ಮ ಊಟದ ಮೇಜಿನ ಹತ್ತಿರ ಬಟಾಣಿ ಸುಲಿಯುತ್ತಿದ್ದಳು. "ಏನೇ ಇದು, ಚರ್ಮದ ಅಂಗಡಿ ಇಡ್ತೀಯಾ?"

"ಇವನಿಗೆ ಕೊಡೋಕೆ ತಂದೆ. ಎರಡೂ ಒಂದೇ ಕಡೆ ಇರಲಿ."

"ಈಗ ಬಂತಲ್ಲ ಬುದ್ಧಿ" ಅಂದಳು.

ಚೀಲದಿಂದ ಒರೆಗಳನ್ನು ತೆಗೆದು ಸಾಲಾಗಿ ಜೋಡಿಸಿದೆ.

ಅಣ್ಣ ಕತ್ತಿಗಳನ್ನು ತಂದು ಮೇಜಿನ ಮೇಲೆ ಇಟ್ಟ. ಹಾಸಿಗೆಯ ಹೊದಿಕೆಯಲ್ಲಿ ಸುತ್ತಿಟ್ಟಿದ್ದ, ಎಣ್ಣೆ ಕಂಡು ಎರಡು ವರ್ಷ. ನಾನು ಒರೆಯ ನಂಬರ್ ಓದುತ್ತಾ ಹೋದೆ, ಅವನು ಕತ್ತಿ ಹುಡುಕಿದ. ಮೊದಲನೆಯದು ಟಕ್ ಎಂದು ಕೂತಿತು. ಅವನಿಗೇ ಆಶ್ಚರ್ಯ. "ಜೋಡಿ" ಅಂದ. ಅಪ್ಪನ ಥರವೇ, ಆ 'ಜೋ' ಸ್ವಲ್ಪ ಎಳೆದು. ಗೊತ್ತಿತ್ತು ಅವನಿಗೆ! ಬೈಕಿನ ಕೀ ಹುಡುಕುತ್ತಾ ಎಲ್ಲ ಕೇಳಿಸಿಕೊಂಡಿದ್ದ.

ಮುಂದಿನದು. ಜೋಡಿ. ಇನ್ನೊಂದು. ಜೋಡಿ. ಒಂದೆರಡು ಸಲ ಇಬ್ಬರೂ ಒಟ್ಟಿಗೇ ಅಂದೆವು. ಸುಳ್ಳು ಯಾಕೆ ಬರೆಯಲಿ, ಅಷ್ಟು ಹೊತ್ತು ಸಿಟ್ಟು ಎಲ್ಲಿಗೋ ಹೋಗಿತ್ತು. ಅಮ್ಮ ಕೂಡ ಬಟಾಣಿ ಬಿಟ್ಟು ನೋಡುತ್ತಿದ್ದಳು.

ಕತ್ತಿ ಮುಗಿದವು. ಒಂದು ಒರೆ ಮೇಜಿನ ಮೇಲೆ ಉಳಿಯಿತು.

ಅಣ್ಣ ಫ್ಯಾನ್ ನೋಡಿದ. ನಾನು ಕಾದೆ. ಹೇಳಲಿ. ಈಗಲಾದರೂ ಅವನ ಬಾಯಿಂದಲೇ ಬರಲಿ.

ಅಮ್ಮ ಹಸಿರಾದ ಬೆರಳಿಂದ ಒಂದೊಂದನ್ನೂ ಮುಟ್ಟಿ ಎಣಿಸಿದಳು. ಮತ್ತೊಮ್ಮೆ ಎಣಿಸಿದಳು. ಮುಖ ಅರಳಿತು.

"ನೋಡಿದ್ಯಾ! ಅವನಿಗಿಂತ ನಿಂಗೇ ಒಂದು ಜಾಸ್ತಿ ಕೊಟ್ಟಿದ್ದೆ ನಾನು. ಎರಡು ವರ್ಷ ಸುಮ್‌ಸುಮ್ನೆ ಮುಖ ಊದಿಸ್ಕೊಂಡಿದ್ದೆಯಲ್ಲೇ."

ಅಣ್ಣ ಫ್ಯಾನಿನಿಂದ ಕಣ್ಣು ಇಳಿಸಿದ. "ಹೋಗ್ಲಿ ಬಿಡಮ್ಮ" ಅಂದ. "ಅವಳು ಮೊದಲಿಂದಲೂ ಹಾಗೇ. ನಾನೇನು ಮನಸ್ಸಲ್ಲಿ ಇಟ್ಕೊಂಡಿಲ್ಲ."

ಕ್ಷಮಿಸಿದ ನನ್ನನ್ನು!

ಒರೆ ಕೈಗೆ ತೆಗೆದುಕೊಂಡೆ. ಅಮ್ಮನ ಕಡೆ ನೋಡಲಿಲ್ಲ. ಅವನ ಮುಖವನ್ನೇ ನೋಡುತ್ತಾ ಓದಿದೆ. ನಾಲ್ಕು, ಏಳು, ಒಂದು, ಎಂಟು.

ಅವನು ಜೋಡಿ ಅನ್ನಲಿಲ್ಲ.

"ಯಾಕೋ, ಹುಡುಕೋ" ಅಂದಳು ಅಮ್ಮ.

ಇನ್ನೂ ಜೋರಾಗಿ ಓದಿದೆ. ಅಮ್ಮ ಅವನನ್ನು ನೋಡಿದಳು, ಆಮೇಲೆ ನನ್ನನ್ನು, ಆಮೇಲೆ ಮತ್ತೆ ಅವನನ್ನು. ಎದ್ದು ನಿಂತಳು. ಬಟಾಣಿ ನೆಲಕ್ಕೆ ಚೆಲ್ಲಿತು. ಯಾರೂ ಬಗ್ಗಲಿಲ್ಲ. ಮತ್ತೆ ಓದಿದೆ. ನಾಲ್ಕು, ಏಳು, ಒಂದು —