ಗಾಜಿನ ಹಿಂದೆ ಹಳದಿ ಫ್ರಾಕು

ಮಾರ್ಚ್ ೧೧, ಮಂಗಳವಾರ

ಎಂಟುನೂರು ಕಿಲೋಮೀಟರ್ ದೂರ, ಒಂದು ಗಂಟೆ ಹತ್ತು ನಿಮಿಷದ ಹಾರಾಟ ಎಂದು ನಾನು ಮೈಕಿನಲ್ಲಿ ಹೇಳಿದಾಗ ಮುಂದಿನ ಸೀಟಿನ ಅಜ್ಜ, "ಅಷ್ಟೇನಾ? ಪಕ್ಕದ ಮನೆಗೆ ಹೋಗಿ ಬಂದ ಹಾಗೆ ಬಿಡಮ್ಮ" ಎಂದರು. ನಕ್ಕೆ. ನಗುವುದಕ್ಕೇ ಸಂಬಳ. ಆ ಮಾತು ಇನ್ನೂ ಚುಚ್ಚುತ್ತಿದೆ.

ನನ್ನ ಡ್ಯೂಟಿಗೆ ಹೊತ್ತುಗೊತ್ತಿಲ್ಲ, ಅದಕ್ಕೇ ಮಗಳು ಆ ಎಂಟುನೂರು ಕಿಲೋಮೀಟರ್ ಆಚೆಯ ಊರಲ್ಲಿ ಅಕ್ಕನ ಮನೆಯಲ್ಲಿದ್ದಾಳೆ. ದಿನಾ ವಿಮಾನ ಅಲ್ಲಿ ಇಳಿಯುತ್ತದೆ, ನಾನು ಇಳಿಯುವ ಹಾಗಿಲ್ಲ. ಕಸ ತೆಗೆಸಿ, ಸೀಟಿನ ಬೆಲ್ಟುಗಳನ್ನು ಸರಿಮಾಡಿ, ಹೊಸಬರನ್ನು ಹತ್ತಿಸಿಕೊಂಡು ಅದರಲ್ಲೇ ವಾಪಸ್ಸು.

ಇವತ್ತು ಅಕ್ಕ ಅವಳನ್ನು ನಿಲ್ದಾಣದ ಗ್ಯಾಲರಿಗೆ ಕರೆತಂದಿದ್ದಳು. ವಿಮಾನದ ಬಾಗಿಲಲ್ಲಿ ನಿಂತು ನೋಡಿದೆ, ದೂರದಲ್ಲಿ ಗಾಜಿನ ಹಿಂದೆ ಹಳದಿ ಫ್ರಾಕು. ಕೈ ಎತ್ತಿದೆ. ಅವಳು ನೋಡುತ್ತಿದ್ದದ್ದು ಪಕ್ಕದ ವಿಮಾನವನ್ನು. ಅದರ ಬಾಗಿಲಲ್ಲೂ ನಮ್ಮದೇ ಸಮವಸ್ತ್ರ, ನಮ್ಮದೇ ತುರುಬು. ಮಗಳು ಕೈ ಬೀಸಿದಳು. ಪಾಪ, ಆ ಬಾಗಿಲಿನ ಹುಡುಗಿಯೂ ಬೀಸಿದಳು. ಮಗು ಕುಣಿದಾಡಿಬಿಟ್ಟಿತು. ಕೂಗಿದರೆ ಕೇಳಿಸದು, ಮೆಟ್ಟಿಲಿಳಿದು ಓಡಿದರೆ ಕೆಲಸ ಹೋಗುತ್ತದೆ. ಎತ್ತಿದ ಕೈಯನ್ನು ಮೆಲ್ಲಗೆ ತಲೆಗೂದಲಿಗೆ ಒಯ್ದೆ.

ಈಗಷ್ಟೇ ಅಕ್ಕನ ಫೋನು. "ಅಮ್ಮ ಟಾಟಾ ಮಾಡಿದ್ಲು ಅಂತ ಒಂದೇ ಸಮನೆ ಹೇಳ್ತಿದಾಳೆ ಕಣೇ. ನೀನು ಸ್ವಲ್ಪ ದಪ್ಪ ಆಗಿದೀಯಂತೆ!"

"ಹೂಂ ಅಕ್ಕ, ಆಗಿದೀನಿ" ಅಂದೆ.

ನಾಳೆಯೂ ಬರುತ್ತಾಳಂತೆ. ನಾನು ನನ್ನ ಬಾಗಿಲಲ್ಲೇ ನಿಂತಿರುತ್ತೇನೆ. ಅವಳು ಆ ದಪ್ಪಗಿನ ಅಮ್ಮನನ್ನು ಹುಡುಕಿದರೆ, ನನ್ನ ಕೈ ಮತ್ತೆ ತಲೆಗೂದಲಿಗೇ ಹೋಗುತ್ತದೆ.