ಸಿಂಧುವಿಗೆ ನಾನು ತುಂಬಿದ ಮಡಿಲಕ್ಕಿ

ಮಧುರೆ
9-11-2024

ಪ್ರೀತಿಯ ತಂಗಿ ಭಾಗ್ಯಮ್ಮನಿಗೆ,

ಮಧುರೆಯ ದೊಡ್ಡಮನೆಗೆ ಹಿರಿಸೊಸೆಯಾಗಿ ಬಂದು, ಯಜಮಾನರು ಹೋದ ಮೇಲೆ ಯಜಮಾನಿಕೆಯನ್ನೂ ಹೊತ್ತ ನಿನ್ನ ಅಕ್ಕ ಗಂಗಲಕ್ಷ್ಮಮ್ಮನ ಆಶೀರ್ವಾದ. ನಾನು ಹ್ಞೂಂ ಎನ್ನದೆ ಈ ಮನೆಯ ರಾಗಿ ಕಣಕ್ಕಿಳಿಯುವುದಿಲ್ಲ, ನಿನಗೇ ಗೊತ್ತು. ಗೌರಿ ಹಬ್ಬದಿಂದ ಬರೆಯಬೇಕೆಂದಿದ್ದೇನೆ. ಕೈ ಓಡಲಿಲ್ಲ, ಕ್ಷಮಿಸು. ಫೋನಿನಲ್ಲಿ ಹೇಳುವ ಸುದ್ದಿಯಲ್ಲ.

ಹಬ್ಬದ ದಿನ ಸಿಂಧುವಿನ ಜೊತೆ ಕೆಲಸ ಮಾಡುವ ಟೀಚರ್ ನವ್ಯಶ್ರೀ ಊಟಕ್ಕೆ ಬಂದಿದ್ದಳು. ಕಡುಬು ತಿನ್ನುತ್ತಾ, "ಆಂಟಿ, ಅಮರ್ ಹೋಗಿ ಮೂರು ವರ್ಷ ಆಯ್ತು. ಸಿಂಧು ಮೂವ್ ಆನ್ ಆಗ್ಬೇಕು, ನೀವೇ ಹೇಳಿ" ಎಂದಳು.

ಮೂವ್ ಆನ್ ಎಂದರೆ ನಮ್ಮ ಹೈಸ್ಕೂಲಿನ ಡ್ರಿಲ್ ಮೇಷ್ಟ್ರು ಸಾಲು ಸಾಗಿಸಲು ಕೂಗುತ್ತಿದ್ದ ಮಾತು. ನನ್ನ ಸೊಸೆ ಯಾರಿಗೆ ಅಡ್ಡ ನಿಂತಿದ್ದಾಳೆ? ಸಿಂಧುವನ್ನೇ ಕೇಳಿದೆ.

ಪಾತ್ರೆ ಉಜ್ಜುತ್ತಲೇ ಹೇಳಿದಳು: "ಒಂದು ಪಾಠ ಮುಗ್ಸಿ ಮುಂದಿನ್ದಕ್ಕೆ ಹೋದ್ರೂ ಹಂಗೇ ಅಂತೀವಿ, ಅತ್ತೆ. ಕಷ್ಟದ ಮಾತು ಬಿಟ್ಟು ಬೇರೆ ಮಾತೆತ್ತೋದ್ಕೂ ಅದೇ. ನವ್ಯ ಅಂದಿದ್ದು... ಇನ್ನೊಂದ್ ಮದ್ವೆ."

"ನನ್ ಮಗ ಅಮರ್ ಮುಗ್ದೋದ ಪಾಠವೇನೇ ನಿಂಗೆ?" ಎಂದೆ.

"ಹಂಗನ್ಬೇಡಿ. ಸ್ಕೂಲಿನ ರವಿಚಂದ್ರ ಸರ್ ಕೇಳವ್ರೆ. ನಾನಿನ್ನೂ ಏನೂ ಹೇಳಿಲ್ಲ. ನೀವು ಬೇಡ ಅಂದ್ರೆ ಬೇಡ."

ಎದುರು ಮಾತಾಡಿದ್ದರೆ ಬೈದು ಮುಗಿಸುತ್ತಿದ್ದೆ, ಭಾಗ್ಯ. ಅವಳು ಚಿಲಕವನ್ನು ನನ್ನ ಕೈಗೇ ಕೊಟ್ಟಳು. ದಸರೆಯವರೆಗೂ ಮಾತು ಬಿಟ್ಟೆ. ಅವಳು ಮಾತ್ರ ದಿನವೂ ನನ್ನ ತಟ್ಟೆಗೆ ಬಿಸಿ ಮುದ್ದೆ ಇಟ್ಟಳು.

ದಸರೆಯಲ್ಲಿ ಬೀದಿಯ ಹೆಂಗಸರು ಕುಂಕುಮಕ್ಕೆ ಬಂದರು. ಯಾರೂ ಹೇಳದೆ ಸಿಂಧು ಅಡುಗೆಮನೆಯ ಬಾಗಿಲ ಹಿಂದೆ ಸರಿದು ನಿಂತಳು. ನಾನೂ ಇಷ್ಟು ವರ್ಷ ಹಾಗೆಯೇ ಸರಿದವಳು. ಆದರೆ ಸರಿಯುವವಳು ನೋಡುವವರಿಗೆ ಹೇಗೆ ಕಾಣುತ್ತಾಳೆಂದು ಅಂದೇ ಕಂಡದ್ದು. ಆ ರಾತ್ರಿಯೇ ಅವಳ ಮದುವೆಗೆ ಹ್ಞೂಂ ಎಂದೆ.

ಮೈದುನ ಗೋಪಾಲಪ್ಪ ಹಾರಾಡಿದ. "ತವರಿಗ್ ಕಳ್ಸು ಅತ್ಗೆ, ಅಲ್ಲಿಂದ ಎಲ್ಲಿಗಾದ್ರೂ ಹೋಗ್ಲಿ. ನಮ್ ಹೊಸ್ಲಿಂದ ಬ್ಯಾಡ."

"ಬರುವಾಗ ಇದೇ ಹೊಸ್ಲಲ್ಲಿ ಸೇರು ಒದ್ದು ಬಂದ್ಲಲ್ಲಪ್ಪ. ಹೋಗೋಳು ಹಿತ್ಲಿಂದ ಹೋಗ್ಬೇಕಾ?" ಎಂದೆ.

ಮೊನ್ನೆ ಗುರುವಾರ ದೊಡ್ಡಬಳ್ಳಾಪುರದಲ್ಲಿ ಸಿಂಧು, ರವಿಚಂದ್ರರ ರಿಜಿಸ್ಟರ್ ಮದುವೆಯಾಯಿತು. ಸಾಕ್ಷಿಗೆ ಸಹಿ ಹಾಕಿದವಳು ನಾನು. ಮನೆಗೆ ಕರೆತಂದು ಊಟ ಹಾಕಿಸಿ, ಮಡಿಲಕ್ಕಿ ಕಟ್ಟಲು ಕೂರಿಸಿದೆ. ಮುತ್ತೈದೆ ತುಂಬಬೇಕಾದ ಮಡಿಲು. ವಾರಗಿತ್ತಿ ಲಕ್ಕಮ್ಮ ಕೈ ಹಿಂದೆಗೆದಳು. ಅಕ್ಕಿಯ ಮೊರ ನಾನೇ ಎತ್ತಿಕೊಂಡೆ.

"ಅಕ್ಕಾ, ನೀವ್ ತುಂಬಂಗಿಲ್ವಲ್ಲ!"

"ನೀನ್ ಸೆರಗು ಹಿಡ್ಕೊಳ್ಳೇ, ಚೆಲ್ಲೀತು" ಎಂದೆ ಸಿಂಧುವಿಗೆ.

ಅಕ್ಕಿ, ಬೆಲ್ಲ, ಕೊಬ್ಬರಿ, ಅರಿಶಿನದ ಕೊನೆ, ಬಳೆ ಎಲ್ಲ ತುಂಬಿ ಮುಂಬಾಗಿಲಿನಿಂದಲೇ ಕಳಿಸಿದೆ.

ನಿನ್ನ ಮನೆಯಲ್ಲಿ ಹಾಲು ಉಕ್ಕಲಿ, ಮಕ್ಕಳು ತಣ್ಣಗಿರಲಿ.

ನಿನ್ನ ಅಕ್ಕ,
ಗಂಗಲಕ್ಷ್ಮಮ್ಮ

ಮರೆತಿದ್ದೆ: ಕಷ್ಟದ ಮಾತು ಬಿಟ್ಟು ಬೇರೆ ಮಾತೆತ್ತುವುದು ಎಂದಳಲ್ಲ, ಅದನ್ನು ನೀನು ಮೂರು ವರ್ಷದಿಂದ ಮಾಡುತ್ತಿದ್ದೀಯ. ಅಮರ್ ಎಂದ ಕೂಡಲೇ ನನಗೆ ನೋವಾದೀತೆಂದು ಮಳೆ, ಹಸು ಎನ್ನುತ್ತೀಯ. ಈ ಮನೆಯಲ್ಲಿ ಅವನ ಹೆಸರೆತ್ತಿ ನನ್ನ ಜೊತೆ ಮಾತಾಡುತ್ತಿದ್ದವಳು ಸಿಂಧು ಒಬ್ಬಳೇ. ಅವಳನ್ನು ಕಳಿಸಿಬಿಟ್ಟೆ. ಇನ್ನು ಅವನ ಮಾತು ನೀನು ಆಡು.